ದಾಳ ಹಿಡಿದ ಧರ್ಮವೀರ

ಭಾನುವಾರಗಳ ಮಧ್ಯಾಹ್ನ ವಿಜಯನಗರದ ಒಂದು ಮಹಡಿ ಕೊಠಡಿಯಲ್ಲಿ ನಮ್ಮ ಕಾಲೇಜಿನ ಕೆಲವರು ಕಲೆತು ದಾಳ ಉರುಳಿಸುತ್ತಾರೆಂಬ ಸುದ್ದಿ ಹೇಗೋ ಅಧ್ಯಾಪಕ ವರ್ಗದ ಕಿವಿಗೂ ಬಿದ್ದಿದೆ. ಗುರುಗಳೊಬ್ಬರು ನನ್ನನ್ನು ಮೆಟ್ಟಿಲ ಬಳಿ ತಡೆದು, “ಏನಪ್ಪಾ, ಜೂಜು ಶುರುಮಾಡಿದ್ದೀರಂತೆ?” ಎಂದು ನಗುತ್ತ ಕೇಳಿದರು. “ಜೂಜಲ್ಲ ಸಾರ್, ಕಥೆ” ಎಂದೆ. “ಕಥೆಗೆ ದಾಳ ಯಾಕೆ?” ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವರ ಪ್ರಶ್ನೆಗೆ ಉತ್ತರ ಕೊಡುವುದು ಈ ಲೇಖನದ ಒಂದು ಉದ್ದೇಶ. ಅದಕ್ಕಿಂತ ಮುಖ್ಯವಾದ ಇನ್ನೊಂದು ಉದ್ದೇಶವೆಂದರೆ, ಆ ಆಟದಲ್ಲಿ ಬರುವ ಒಂದು ಪಾತ್ರದ ವಿಷಯವಾಗಿ ನಮ್ಮ ಗೆಳೆಯರಲ್ಲಿ ಎದ್ದಿರುವ ವಾದದಲ್ಲಿ ನನ್ನ ಪಕ್ಷವೇನೆಂಬುದನ್ನು ಸಹಪಾಠಿಗಳ ಮುಂದೆ ಇಡುವುದು.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಇದನ್ನು ಹೊರತಂದರು. ಮೇಜಿನ ಸುತ್ತ ಐದಾರು ಮಂದಿ ಕೂರುತ್ತಾರೆ. ಒಬ್ಬನು ಸೂತ್ರಧಾರ, ಅವನನ್ನು ಡಂಜನ್ ಮಾಸ್ಟರ್ ಎನ್ನುವುದು ವಾಡಿಕೆ. ಊರು, ಕಾಡು, ಕೋಟೆ, ರಾಕ್ಷಸರು, ಅಂಗಡಿಯವರು, ಮಳೆ ಗಾಳಿ ಎಲ್ಲವೂ ಅವನ ಬಾಯಲ್ಲಿ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ, ಆ ಪಾತ್ರ ಏನು ಮಾಡುತ್ತದೆ, ಏನು ಆಡುತ್ತದೆ ಎಂಬುದನ್ನು ಅಲ್ಲಿಂದಲ್ಲೇ ಹೇಳುತ್ತ ಹೋಗುತ್ತಾರೆ. ಫಲಿತಾಂಶ ಸಂಶಯವಾದ ಕಡೆ, ಹಳ್ಳ ಹಾರಿದವನು ದಡ ಮುಟ್ಟಿದನೇ ಇಲ್ಲವೇ ಎಂಬಂಥ ಕಡೆ, ಇಪ್ಪತ್ತು ಮುಖದ ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ಗುರುಗಳ ಪ್ರಶ್ನೆಗೆ ಉತ್ತರ ಇಷ್ಟೇ: ಕಥೆ ಹೇಳುವವನಿಗೂ ಮುಂದೇನೆಂದು ತಿಳಿಯದಿರಲೆಂದು ದಾಳ. ನಮ್ಮ ಕರಾವಳಿಯ ತಾಳಮದ್ದಲೆಯನ್ನು ಕಂಡವರಿಗೆ ಇದು ತೀರ ಹೊಸತೆನಿಸಲಾರದು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದದ ಬೆನ್ನಿಗೆ ಅರ್ಥಧಾರಿಗಳು ಕುಳಿತಲ್ಲಿಯೇ ಆಶುವಾಗಿ ಮಾತು ಹೆಣೆಯುತ್ತಾರೆ. ವ್ಯತ್ಯಾಸವೇನೆಂದರೆ, ಅಲ್ಲಿ ವಾಲಿ ಸಾಯುವುದು ಮೊದಲೇ ಗೊತ್ತು, ಇಲ್ಲಿ ಗೊತ್ತಿಲ್ಲ. ಖರ್ಚಿನ ಭಯ ಬೇಡ. ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಪ್ರಕಾಶಕರೇ ಯಾರು ಬೇಕಾದರೂ ಬಳಸಬಹುದೆಂದು ಮುಕ್ತವಾಗಿ ಬಿಟ್ಟುಕೊಟ್ಟಿದ್ದಾರೆ. ಸರ್ಕಾರಿ ಕಾಲೇಜಿನ ವಿದ್ಯಾರ್ಥಿಯ ಜೇಬಿಗೆ ಇದಕ್ಕಿಂತ ಹಿತವಾದ ಆಟ ಅಪರೂಪ.

ಇನ್ನು ಪಾತ್ರದ ವಿಷಯ. ಕಳ್ಳ, ಮಾಂತ್ರಿಕ, ಪುರೋಹಿತ, ಕಾಡುಗಾವಲಿನವನು ಎಂದು ಮುಂತಾಗಿ ಇರುವ ಪಾತ್ರಗಳಲ್ಲಿ ‘ಪ್ಯಾಲಡಿನ್’ ಎಂಬುದು ಒಂದು. ಕವಚ ತೊಟ್ಟ ಯೋಧ. ಆದರೆ ಬರಿಯ ಯೋಧನಲ್ಲ, ವ್ರತ ಹಿಡಿದವನು. ಅವನ ಕೈ ಸೋಕಿದರೆ ಗಾಯ ಮಾಯುತ್ತದೆ, ಅವನಿಗೆ ರೋಗ ತಟ್ಟುವುದಿಲ್ಲ. ಈ ಶಕ್ತಿಯೆಲ್ಲ ವ್ರತದಿಂದ ಬಂದುದು. ನಮ್ಮ ಆಲಂಕಾರಿಕರು ವೀರರಸವನ್ನು ವಿಂಗಡಿಸುವಾಗ ಯುದ್ಧವೀರ, ದಾನವೀರ, ದಯಾವೀರರ ಜತೆಗೆ ಧರ್ಮವೀರನನ್ನೂ ಎಣಿಸಿದ್ದಾರೆ. ಆ ಹೆಸರು ಇವನಿಗೆ ಚೆನ್ನಾಗಿ ಒಪ್ಪುತ್ತದೆಯಾದ್ದರಿಂದ ನಾವು ಹಾಗೆಯೇ ಕರೆಯುತ್ತೇವೆ. ಮೂಲ ಪದ ರೋಮ್ ನಗರದ ಪ್ಯಾಲಟೈನ್ ಗುಡ್ಡದಿಂದ, ಅಲ್ಲಿದ್ದ ಅರಮನೆಯಿಂದ ಹುಟ್ಟಿದುದು. ಮೊದಲು ಅದಕ್ಕೆ ಅರಮನೆಯ ಅಧಿಕಾರಿ ಎಂದಷ್ಟೇ ಅರ್ಥ. ಕಾಲಾಂತರದಲ್ಲಿ ಫ್ರಾಂಕರ ಚಕ್ರವರ್ತಿ ಶಾರ್ಲಮೇನನ ಹನ್ನೆರಡು ಮಂದಿ ಆಪ್ತ ವೀರರಿಗೆ ಈ ಹೆಸರು ನಿಂತಿತು. ಅವರಲ್ಲಿ ರೋಲಾಂಡನು ಪ್ರಸಿದ್ಧ. 778ರಲ್ಲಿ ಪಿರೆನೀಸ್ ಬೆಟ್ಟಗಳ ಕಣಿವೆಯೊಂದರಲ್ಲಿ ಶಾರ್ಲಮೇನನ ಹಿಂದಣ ಪಡೆಯ ಮೇಲೆ ಬಾಸ್ಕರು ಬಿದ್ದು ಅದನ್ನು ನಾಶಮಾಡಿದ್ದು ಚರಿತ್ರೆ. ಮುನ್ನೂರು ವರ್ಷಗಳ ಮೇಲೆ ಹುಟ್ಟಿದ ಕಾವ್ಯದಲ್ಲಿ ಬಾಸ್ಕರು ಹೋಗಿ ಮುಸಲ್ಮಾನರ ಮಹಾಸೈನ್ಯ ಬಂತು. ಧರ್ಮವೀರನ ಕಥೆಗಳಲ್ಲಿ ಶತ್ರುವಿನ ಮತವನ್ನು ಹೀಗೆ ಬದಲಿಸುವ ಚಟ ಹಳೆಯದು. ಓದುವವರು ಎಚ್ಚರದಿಂದಿರಬೇಕು.

ಆದರೆ ಆ ಕಾವ್ಯದಲ್ಲಿ ನನ್ನ ವಾದಕ್ಕೆ ಬೇಕಾದ ಒಂದು ಸಂಗತಿಯಿದೆ. ಶತ್ರುಗಳು ಕವಿದುಬರುವುದನ್ನು ಕಂಡ ಗೆಳೆಯ ಆಲಿವರನು, ಕೊಂಬು ಊದಿ ಚಕ್ರವರ್ತಿಯನ್ನು ಕರೆಯೆಂದು ರೋಲಾಂಡನನ್ನು ಮತ್ತೆ ಮತ್ತೆ ಬೇಡುತ್ತಾನೆ. ನೆರವು ಕೇಳುವುದು ತನ್ನ ಮಾನಕ್ಕೂ ವಂಶಕ್ಕೂ ಕುಂದೆಂದು ರೋಲಾಂಡನು ಒಪ್ಪುವುದಿಲ್ಲ. ಕೊನೆಗೆ ಊದುತ್ತಾನೆ, ಬಹುತೇಕ ಎಲ್ಲರೂ ಸತ್ತ ಮೇಲೆ. ಮಾನ ರೋಲಾಂಡನದು, ಹೆಣಗಳು ಸಂಗಡಿಗರವು.

ಗೈಗ್ಯಾಕ್ಸನಿಗೆ ಈ ಪಾತ್ರದ ಕಲ್ಪನೆ ಒದಗಿದುದು ಬಹುಮಟ್ಟಿಗೆ ಪೋಲ್ ಆಂಡರ್ಸನ್ ಎಂಬ ಕಾದಂಬರಿಕಾರನ ‘ಥ್ರೀ ಹಾರ್ಟ್ಸ್ ಅಂಡ್ ಥ್ರೀ ಲಯನ್ಸ್’ (1961) ಎಂಬ ಪುಸ್ತಕದಿಂದ. ಅದರ ನಾಯಕನೂ ಶಾರ್ಲಮೇನನ ವೀರರಲ್ಲೊಬ್ಬನೇ. 1975ರ ‘ಗ್ರೇಹಾಕ್’ ಎಂಬ ಪುರವಣಿಯಲ್ಲಿ ಪ್ಯಾಲಡಿನ್ ಮೊದಲು ಕಾಣಿಸಿಕೊಂಡ. ಆಗ ಈ ಪಾತ್ರ ಬಯಸಿದವನೆಲ್ಲ ವಹಿಸುವಂತಿರಲಿಲ್ಲ. ಪಾತ್ರದ ವರ್ಚಸ್ಸಿಗೆ ಆರು ಮುಖದ ಮೂರು ದಾಳ ಉರುಳಿಸಿದಾಗ ಮೊತ್ತ 17 ಅಥವಾ 18 ಬೀಳಬೇಕು; ಲೆಕ್ಕ ಹಾಕಿದರೆ 216ರಲ್ಲಿ 4 ಸಲ, ಅಂದರೆ 54ಕ್ಕೊಮ್ಮೆ. 1978ರ ಪುಸ್ತಕ ಇನ್ನಷ್ಟು ಬಿಗಿಮಾಡಿತು. ಆದಾಯದಲ್ಲಿ ಹತ್ತನೆಯ ಒಂದು ಪಾಲು ಧರ್ಮಕ್ಕೆ. ಮಾಂತ್ರಿಕ ವಸ್ತುಗಳು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳಕೂಡದು. ಒಳ್ಳೆಯವರಲ್ಲದವರ ಸಹವಾಸ ಕೂಡದು. ತಿಳಿದೂ ತಿಳಿದೂ ಒಂದು ದುಷ್ಟ ಕೆಲಸ ಮಾಡಿದರೆ ಶಕ್ತಿಯೆಲ್ಲ ಶಾಶ್ವತವಾಗಿ ಹೋಯಿತು. ಓದಲು ಭವ್ಯವಾಗಿದೆ. ಆದರೆ ಈ ಪಟ್ಟಿಯಲ್ಲಿ ಒಂದು ಬಾಬ್ತು ಉಳಿದವುಗಳ ಜಾತಿಯದಲ್ಲವೆಂಬುದನ್ನು ವಾಚಕರು ಗಮನಿಸಬೇಕು. ದಾನ ಕೊಡುವವನು ಅವನು. ವಸ್ತು ಬಿಡುವವನು ಅವನು. ಶಕ್ತಿ ಕಳೆದುಕೊಳ್ಳುವವನೂ ಅವನೇ. ಸಹವಾಸದ ನಿಯಮ ಮಾತ್ರ ಪಕ್ಕದಲ್ಲಿ ಕುಳಿತವನನ್ನು ಹಿಡಿಯುತ್ತದೆ. ಕಳ್ಳನ ಪಾತ್ರ ವಹಿಸಿದ ಗೆಳೆಯನೊಬ್ಬ ಅದೇ ಮೇಜಿಗೆ ಬಂದಿದ್ದಾನೆ, ಅವನ ಗತಿಯೇನು? ಈ ಪಾತ್ರಕ್ಕೆ ಲೋಕದಲ್ಲೆಲ್ಲ ಬಂದ ಕೆಟ್ಟ ಹೆಸರಿನ ಬೇರು ಇಲ್ಲಿದೆ.

ನಮ್ಮ ಗುಂಪಿನಲ್ಲಿ ಆದದ್ದನ್ನು ಹೇಳುತ್ತೇನೆ. ಹೆಸರುಗಳು ಬೇಡ. ಕಳೆದ ವರ್ಷ ಧರ್ಮವೀರನ ಪಾತ್ರ ವಹಿಸಿದವನು ಎರಡನೆಯ ವರ್ಷದ ಒಬ್ಬ ಉತ್ಸಾಹಿ. ಕಳ್ಳನ ಪಾತ್ರ ಕೆಂಗೇರಿಯ ಕಡೆಯಿಂದ ಬರುವ ಒಬ್ಬ ಮೌನಿಯದು. ತರಗತಿಯಲ್ಲಿ ಹಾಜರಿ ಕರೆದಾಗ ಬಿಟ್ಟರೆ ಅವನ ದನಿ ಕೇಳಿದವರು ಕಡಿಮೆ. 2021ರಲ್ಲಿ ಕೆಂಗೇರಿಯವರೆಗೆ ಮೆಟ್ರೋ ಬಂದಿರುವುದರಿಂದ ಅವನು ವಿಜಯನಗರಕ್ಕೆ ಸಲೀಸಾಗಿ ಬಂದು ಇಳಿಯುತ್ತಿದ್ದ, ಎಲ್ಲರಿಗಿಂತ ಮೊದಲು ಬರುತ್ತಿದ್ದ. ಆಟದಲ್ಲಿ ಅವನೇ ಬೇರೆ ಮನುಷ್ಯ. ಅವನ ಕಳ್ಳ ಕಾವಲಿನವರನ್ನು ಮಾತಿನಲ್ಲೇ ಮರುಳುಮಾಡುವಾಗ ನಾವು ನಗು ತಡೆಯಲಾರದೆ ಮೇಜು ಬಡಿದದ್ದುಂಟು. ಆ ಭಾನುವಾರದ ಕಥೆಯಲ್ಲಿ ಉಪ್ಪಿನ ವ್ಯಾಪಾರದ ಒಬ್ಬ ಪಾಳೆಯಗಾರ ಜನರನ್ನು ಜೀತಕ್ಕಿಟ್ಟುಕೊಂಡು ಉಗ್ರಾಣದಲ್ಲಿ ಕೂಡಿಹಾಕಿದ್ದ. ನಮ್ಮ ಕಳ್ಳ ಕಾವಲಿನವನ ಸೊಂಟದಿಂದ ಬೀಗದ ಕೈ ಹಾರಿಸಿದ. ಬಾಗಿಲು ತೆರೆಯುವ ಮುನ್ನವೇ ಧರ್ಮವೀರ ಅವನ ರಟ್ಟೆ ಹಿಡಿದು, ಕಳವು ಕಳವೇ ಎಂದು ಹೇಳಿ, ಅದೇ ಪಾಳೆಯಗಾರನ ತಳವಾರರಿಗೆ ಒಪ್ಪಿಸಿಬಿಟ್ಟ! ಕಳ್ಳ ಸೆರೆಮನೆ ಸೇರಿದ. ಸೆರೆಯಲ್ಲಿದ್ದವನಿಗೆ ಆಟದಲ್ಲಿ ಮಾಡಲು ಏನೂ ಇಲ್ಲ. ಎರಡು ಗಂಟೆ ಕಾಲ ಆ ಹುಡುಗ ಮೆಟ್ರೋ ಕಾರ್ಡನ್ನು ಮೇಜಿನ ಮೇಲೆ ತಿರುಗಿಸುತ್ತ ಕುಳಿತಿದ್ದು, ಕಾಫಿ ಕುಡಿದು ಎದ್ದು ಹೋದ. ಮುಂದಿನ ವಾರ ಕೆಲಸವಿದೆಯೆಂದ. ಆಮೇಲೆ ಉತ್ತರವೇ ಇಲ್ಲ.

ಹೀಗೇಕೆ ಮಾಡಿದೆಯೋ ಎಂದು ಕೇಳಿದರೆ ನಮ್ಮ ಉತ್ಸಾಹಿಯ ಉತ್ತರ ಸಿದ್ಧವಾಗಿತ್ತು: “ನಾನೇನು ಮಾಡಲಿ, ನನ್ನ ಪಾತ್ರವೇ ಹಾಗೆ.” ಪಾತ್ರಾಭಿನಯದ ಆಟಗಳಲ್ಲಿ ಎಲ್ಲ ದೇಶದಲ್ಲೂ ಕೇಳಿಬರುವ ಮಾತು ಇದೇ ಎಂದು ತಿಳಿದವರು ಹೇಳುತ್ತಾರೆ. ನನಗೆ ಈ ಮಾತಿನ ಮೇಲೆ ಕೋಪವಿದೆ. ಪಾತ್ರವನ್ನು ಬರೆದವರು ಯಾರು? ವ್ಯಾಸರೇ, ಪಂಪನೇ? ನಿನ್ನೆ ಸಂಜೆ ನೀನೇ ಅಲ್ಲವೇ, ಪೆನ್ಸಿಲಿನಲ್ಲಿ? ಪಾತ್ರ ಹಾಗಿದ್ದರೆ ಹಾಗೆ ಮಾಡಿದವನು ನೀನು. ಮೇಲಾಗಿ ಅವನು ನಿಯಮಪುಸ್ತಕದ ಮೊರೆಹೊಕ್ಕ: ಧರ್ಮವೀರನು ‘ಕಟ್ಟುಪಾಡಿನವನೂ ಒಳ್ಳೆಯವನೂ’ ಆಗಿರಬೇಕೆಂದು ಬರೆದಿದೆಯಲ್ಲ, ಕಳ್ಳತನ ಕಟ್ಟುಪಾಡಿಗೆ ವಿರುದ್ಧವಲ್ಲವೇ ಎಂದು. ಆದರೆ ಅತಿ ಬಿಗಿಯಾದ 1978ರ ಪುಸ್ತಕವನ್ನೇ ತೆರೆದು ನೋಡಲಿ. ಧರ್ಮವೀರನು ಕಟ್ಟುಪಾಡು ಮುರಿದರೆ ಹಿರಿಯ ಪುರೋಹಿತನಲ್ಲಿ ತಪ್ಪೊಪ್ಪಿಕೊಂಡು ಪ್ರಾಯಶ್ಚಿತ್ತ ಮಾಡಿಕೊಂಡರೆ ತೀರಿತು. ಒಳಿತನ್ನು ಮುರಿದರೆ ಪ್ರಾಯಶ್ಚಿತ್ತವೇ ಇಲ್ಲ. ಎರಡರಲ್ಲಿ ಯಾವುದು ಹಿರಿದೆಂದು ಪುಸ್ತಕವೇ ಹೇಳಿದಂತಾಯಿತು. ಜೀತವನ್ನು ನಮ್ಮ ದೇಶ 1976ರ ಕಾಯಿದೆಯಿಂದ ರದ್ದುಮಾಡಿತು. ಅದಕ್ಕೆ ಮುಂಚೆ ಜೀತದಿಂದ ಓಡಿದವನನ್ನು ಹಿಡಿದು ತಂದು ಒಡೆಯನಿಗೊಪ್ಪಿಸಿದವರೂ ತಾವು ಕಟ್ಟುಪಾಡು ಕಾಯುತ್ತಿದ್ದೇವೆಂದೇ ತಿಳಿದಿದ್ದರು. ಕೀಲಿಕೈ ಕದ್ದವನನ್ನು ಉಗ್ರಾಣದ ಒಡೆಯನಿಗೊಪ್ಪಿಸಿದ ವೀರನ ಶಕ್ತಿಯನ್ನು ಅಂದೇ ಕಸಿದುಕೊಳ್ಳಬೇಕಾಗಿತ್ತು ಎಂದು ನನ್ನ ಸ್ಪಷ್ಟ ಅಭಿಪ್ರಾಯ.

ಪಾತ್ರವೇ ಹಾಗೆ ಎನ್ನುವವರು ಒಮ್ಮೆ ‘ವಾಲಿವಧೆ’ಯ ತಾಳಮದ್ದಲೆಯನ್ನು ಕೇಳಬೇಕು. ಮರೆಯಿಂದ ಬಾಣ ಬಿಟ್ಟ ರಾಮನನ್ನು ನೆಲಕ್ಕೊರಗಿದ ವಾಲಿ ಪ್ರಶ್ನಿಸುತ್ತಾನೆ: ನನಗೂ ನಿನಗೂ ಏನು ಹಗೆ? ನಾನು ನಿನ್ನ ನಾಡಿಗೆ ಬಂದೆನೇ? ಎದುರಿಗೆ ನಿಂತೇಕೆ ಕಾದಲಿಲ್ಲ? ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918-2006) ಪ್ರತಿನಾಯಕರ ಪಾತ್ರಗಳಿಗೆ ಕೊಟ್ಟ ವಾದಬಲ ಎಂಥದೆಂದರೆ, ಎದುರು ರಾಮನ ಅರ್ಥ ಹೇಳುವವನಿಗೆ ಬೆವರಿಳಿಯಬೇಕು. ಅಲ್ಲಿ ರಾಮನಾದವನು “ನಾನು ರಾಮ, ಆದ್ದರಿಂದ ನಾನು ಮಾಡಿದ್ದೇ ಸರಿ” ಎಂದರೆ ಸಭೆ ನಗುತ್ತದೆ. ಅವನು ತಮ್ಮನ ಹೆಂಡತಿಯನ್ನು ಕಸಿದ ವಾಲಿಯ ಅಪರಾಧವನ್ನೆತ್ತಬೇಕು, ಭರತನ ಆಳ್ವಿಕೆಯನ್ನೆತ್ತಬೇಕು, ಸುಗ್ರೀವನಿಗಿತ್ತ ಮಾತನ್ನೆತ್ತಬೇಕು. ಎಲ್ಲವನ್ನೂ ಎತ್ತಿದ ಮೇಲೂ ವಾಲಿಯ ಪ್ರಶ್ನೆಯ ಮೊನೆ ಪೂರ್ತಿ ಮೊಂಡಾಗುವುದಿಲ್ಲ. ಧರ್ಮದ ಪಾತ್ರ ವಹಿಸಿದವನ ಮೇಲೆ ಉತ್ತರ ಕೊಡುವ ಹೊಣೆ ಹೆಚ್ಚು, ಕಡಿಮೆಯಲ್ಲ. ಈ ಪದ್ಧತಿ ನಮ್ಮಲ್ಲಿ ಬೆಳೆದು ಬಂದಿರುವಾಗ ವಿಜಯನಗರದ ಮಹಡಿಯಲ್ಲಿ ಅದನ್ನು ಮರೆಯುವುದೇ?

ಆ ದಿನದ ಆಟದಲ್ಲಿ ಇನ್ನೊಂದು ಘಟನೆ ನಡೆಯಿತು. ಕಳ್ಳನನ್ನು ಒಪ್ಪಿಸಿದ ಧರ್ಮವೀರ, ತಾನು ಪ್ರಾಮಾಣಿಕನೆಂದು ತೋರಿಸಲು, ತಮ್ಮ ಇಡೀ ತಂಡದ ಆಯುಧಗಳನ್ನು ಮರುದಿನದವರೆಗೆ ಪಾಳೆಯಗಾರನ ವಶಕ್ಕೆ ಕೊಡುವುದಾಗಿ ಮಾತುಕೊಟ್ಟ. ಮಾಂತ್ರಿಕಳ ಪಾತ್ರ ವಹಿಸಿದ್ದ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬರು, “ನಿನ್ನ ಕತ್ತಿ ಕೊಡು, ಸಂತೋಷ. ನನ್ನ ಕೋಲನ್ನು ಪಣಕ್ಕಿಡಲು ನೀನು ಯಾರಪ್ಪ?” ಎಂದರು. “ಅಕ್ಕಾ, ಧರ್ಮದ ಮಾತು...” ಎಂದು ಇವನು ತೊದಲಿದ. ನಗು ಬಂತು; ಆದರೆ ನನಗೆ ಮೈ ಜುಮ್ಮೆಂದಿತು. ಇದು ದ್ರೌಪದಿಯ ಪ್ರಶ್ನೆ. ದಾಳ ಹಿಡಿದು ಕುಳಿತ ಧರ್ಮರಾಯ ನಕುಲ ಸಹದೇವರನ್ನು ಒಡ್ಡಿದ, ಅರ್ಜುನ ಭೀಮರನ್ನು ಒಡ್ಡಿದ, ತನ್ನನ್ನು ಒಡ್ಡಿ ಸೋತ, ಆಮೇಲೆ ಅವಳನ್ನು ಒಡ್ಡಿದ. ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಹಕ್ಕೆಲ್ಲಿಂದ ಬಂತೆಂದು ಅವಳು ಸಭೆಯನ್ನು ಕೇಳಿದಳು. ಪಿತಾಮಹ ಭೀಷ್ಮನು, ಅವನೂ ಪ್ರತಿಜ್ಞೆಯ ಮನುಷ್ಯನೇ, ಧರ್ಮ ಸೂಕ್ಷ್ಮವಾದುದೆಂದು ಹೇಳಿ ಸುಮ್ಮನಾದ. ಧರ್ಮವೀರನ ಪಾತ್ರ ವಹಿಸುವವನು ದಾಳ ಕೈಗೆತ್ತಿಕೊಳ್ಳುವ ಮೊದಲು ತನ್ನ ಬಲಗಡೆಯವರನ್ನೂ ಎಡಗಡೆಯವರನ್ನೂ ನೋಡಿ ಈ ಪ್ರಶ್ನೆಯನ್ನು ನೆನೆಯಲಿ ಎಂಬುದೇ ನನ್ನ ವಾದದ ತಿರುಳು.

ಸತ್ಯಹರಿಶ್ಚಂದ್ರನ ಕಥೆ ಕೇಳಿ ಕಣ್ಣೀರಿಡದ ಕನ್ನಡಿಗನಿಲ್ಲ. ರಾಘವಾಂಕನ ಕಾವ್ಯವನ್ನು ಓದದವರೂ ರಾಜಕುಮಾರ್ ಅಭಿನಯಿಸಿದ 1965ರ ಚಿತ್ರವನ್ನು ಕಂಡಿದ್ದಾರೆ. 2008ರಲ್ಲಿ ಅದು ಬಣ್ಣ ತುಂಬಿಕೊಂಡು ಮತ್ತೆ ಬಂದಾಗಲೂ ಜನ ನೋಡಿದರು. ಅವನ ಹಿರಿಮೆಯನ್ನು ಅಲ್ಲಗಳೆಯುವ ಧಾರ್ಷ್ಟ್ಯ ನನಗಿಲ್ಲ. ಆದರೂ ಲೆಕ್ಕ ಕೇಳೋಣ. ಮಾತು ಅವನದು. ಸಂತೆಯಲ್ಲಿ ಮೊದಲು ಮಾರಾಟವಾದವರು ಚಂದ್ರಮತಿ ಮತ್ತು ಲೋಹಿತಾಶ್ವ. ಹಾವು ಕಚ್ಚಿದ್ದು ಹುಡುಗನಿಗೆ. ಇದರ ಪಕ್ಕದಲ್ಲಿ ನಾವೆಲ್ಲ ಚಿಕ್ಕಂದಿನಲ್ಲಿ ಕಲಿತ ಗೋವಿನ ಹಾಡಿನ ಪುಣ್ಯಕೋಟಿಯನ್ನು ನಿಲ್ಲಿಸಿ ನೋಡಿ. ಹುಲಿಗೆ ಮಾತುಕೊಟ್ಟಳು, ದೊಡ್ಡಿಗೆ ಬಂದಳು, ಕರುವಿಗೆ ಹಾಲೂಡಿಸಿದಳು, ತಬ್ಬಲಿಯನ್ನು ನೋಡಿಕೊಳ್ಳಿರೆಂದು ಒಡನಾಡಿ ಹಸುಗಳನ್ನು ಬೇಡಿಕೊಂಡಳು, ಒಬ್ಬಳೇ ಹೊರಟಳು. ಆ ಹಸುಗಳಲ್ಲಿ ಒಂದನ್ನಾದರೂ ಅವಳು ಜತೆಗೆ ಕರೆದಳೇ? ಮಾತು ತಪ್ಪುವವರೆಂದು ಬೈದಳೇ? ಹುಲಿಗಾದರೂ ಉಪದೇಶ ಮಾಡಿದಳೇ? ಹೋಗಿ ನಿಂತಳು, ಅಷ್ಟೆ. ಮಿಕ್ಕದ್ದು ಹುಲಿಯ ಮನಸ್ಸಿನಲ್ಲಿ ನಡೆಯಿತು. ಅವಳ ಮಾತಿಗೂ ಕರು ತೆತ್ತಿತಲ್ಲವೇ ಎಂದು ಒಬ್ಬ ಗೆಳೆಯ ಕೇಳಿದ. ನಿಜ, ಒಂಟಿಯಾಗಿ ಯಾರೂ ವ್ರತ ಹಿಡಿಯಲಾರರು. ಆದರೆ ಅವಳು ಆ ಕರುವಿಗೆ ಮುಖ ತೋರಿಸಿ, ಹೇಳಿ, ವ್ಯವಸ್ಥೆ ಮಾಡಿ ಹೋದಳು. ಹೋಗುವ ಮುನ್ನ ಬಂದಳು ಎಂಬುದೇ ಕಥೆಯ ಅರ್ಧ ಭಾಗ. ಕತ್ತಿಯಿಲ್ಲದ, ಕವಚವಿಲ್ಲದ ಈ ಧರ್ಮವೀರೆಗೆ ಸಮನಾದ ಪಾತ್ರವನ್ನು ಅಮೆರಿಕದ ಪುಸ್ತಕಗಳಲ್ಲಿ ನಾನು ಇನ್ನೂ ಕಂಡಿಲ್ಲ.

ಇದಕ್ಕೆ ಹೊರತಾದ ಒಂದು ಉದಾಹರಣೆಯನ್ನೂ ಹೇಳಬೇಕು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಗರುಡಗಂಬವಿದೆ. ಎರಡನೆಯ ವೀರಬಲ್ಲಾಳನ ಆಪ್ತನಾದ ಕುವರಲಕ್ಷ್ಮನು, ದೊರೆ ತೀರಿಕೊಂಡಾಗ ಕೊಟ್ಟ ಭಾಷೆಯಂತೆ ತಾನೂ ಪ್ರಾಣ ಬಿಟ್ಟನೆಂದೂ, ಅವನೊಡನೆ ಹೆಂಡತಿಯೂ ಸಂಗಡಿಗ ವೀರರೂ ಅಳಿದರೆಂದೂ ಅದರ ಶಾಸನ ಸಾರುತ್ತದೆ. ಅಂಥವರನ್ನು ಗರುಡರೆನ್ನುತ್ತಿದ್ದರು, ಆ ಭಾಷೆಗೆ ವೇಳೆವಾಳಿಯೆಂದು ಹೆಸರು. ಇಂದು ಓದಿದರೆ ಎದೆ ನಡುಗುತ್ತದೆ, ಒಪ್ಪಲಾಗುವುದಿಲ್ಲ. ಆದರೂ ಆ ವೀರರು ತಮ್ಮ ತಮ್ಮ ಬಾಯಿಂದ ಭಾಷೆ ಕೊಟ್ಟವರು. ಪಕ್ಕದವನ ಭಾಷೆಗೆ ಸಿಕ್ಕಿಬಿದ್ದವರಲ್ಲ. ಹೆಂಡತಿಯ ವಿಷಯದಲ್ಲಿ ಹಾಗೆಂದು ಧೈರ್ಯವಾಗಿ ಹೇಳಲಾರೆ.

ನ್ಯಾಯವಾಗಿ ನೋಡಿದರೆ ತಪ್ಪೆಲ್ಲ ಧರ್ಮವೀರನದೇ ಅಲ್ಲ. ಅವನ ವ್ರತವನ್ನು ಮುರಿಸುವುದೇ ಪುರುಷಾರ್ಥವೆಂದು ತಿಳಿದ ಸೂತ್ರಧಾರರಿದ್ದಾರೆ. ಶರಣಾದ ರಾಕ್ಷಸರ ಹಸುಗೂಸುಗಳನ್ನು ಎದುರಿಗೆ ಇಡುತ್ತಾರೆ. ಕೊಂದರೆ ದಯೆಗೆಟ್ಟವನೆಂದು ಶಕ್ತಿ ಹೋಯಿತು. ಬಿಟ್ಟರೆ ದುಷ್ಟರನ್ನು ಬೆಳೆಸಿದವನೆಂದು ಹೋಯಿತು. ಈ ಉರುಲು ಬಹು ಹಳೆಯದಂತೆ, ಊರೂರಲ್ಲೂ ಉಂಟಂತೆ. ಇಂಥ ಸೂತ್ರಧಾರರನ್ನು ನಾವು ವಿಶ್ವಾಮಿತ್ರರೆನ್ನುತ್ತೇವೆ. ಅವರ ಬೆನ್ನಿಗೆ ಪ್ರತಿ ಐದು ನಿಮಿಷಕ್ಕೊಮ್ಮೆ “ನಿನ್ನ ವ್ರತ ಏನಾಯ್ತು, ನಿನ್ನ ವ್ರತ ಏನಾಯ್ತು” ಎಂದು ಪೀಡಿಸುವ ಆಟಗಾರನೊಬ್ಬ ಇದ್ದೇ ಇರುತ್ತಾನೆ. ಅವನು ನಕ್ಷತ್ರಿಕ. ಪರೀಕ್ಷೆ ಬೇಡವೆಂದು ನಾನು ಹೇಳುವುದಿಲ್ಲ. ಪರೀಕ್ಷೆಯಿಲ್ಲದ ವ್ರತ ಉಪ್ಪಿಲ್ಲದ ಸಾರು. ಆದರೆ ಪಾಸಾಗುವ ದಾರಿಯೊಂದಾದರೂ ಇರುವ ಪ್ರಶ್ನೆಪತ್ರಿಕೆ ಕೊಡಬೇಕು. ವಿದ್ಯಾರ್ಥಿಗಳಾದ ನಮಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ನಿಯಮ ಬರೆಯುವವರಿಗೂ ಈ ಜಗಳಗಳ ಬಿಸಿ ತಟ್ಟಿರಬೇಕು. 2000ದ ಆವೃತ್ತಿಯಲ್ಲಿ, ಮನುಷ್ಯನಷ್ಟೇ ಧರ್ಮವೀರನಾಗಬಹುದೆಂಬ ಕಟ್ಟು ಸಡಿಲಿತು. ಕುಲ ಕೇಳುವುದನ್ನು ಬಿಟ್ಟದ್ದು ಒಳ್ಳೆಯದೇ ಆಯಿತು. 2008ರ ಆವೃತ್ತಿ ಇನ್ನೊಂದು ತುದಿಗೆ ಹೋಗಿ, ಒಮ್ಮೆ ದೀಕ್ಷೆ ಪಡೆದವನ ಶಕ್ತಿ ಏನು ಮಾಡಿದರೂ ಹೋಗದೆಂದಿತು. ಇದು ನನಗೆ ಸ್ವಲ್ಪವೂ ಹಿಡಿಸದು. ಕಳೆದುಕೊಳ್ಳಲು ಏನೂ ಇಲ್ಲದವನ ಪ್ರತಿಜ್ಞೆ ಚುನಾವಣೆಯ ಭರವಸೆಯಂತೆ. 2014ರ ಆವೃತ್ತಿಯಲ್ಲಿ ಒಂದು ಜಾಣತನವಿದೆ: ಎಲ್ಲರಿಗೂ ಒಂದೇ ವ್ರತವಲ್ಲ; ಭಕ್ತಿಯ ಪ್ರತಿಜ್ಞೆ, ಪುರಾತನರ ಪ್ರತಿಜ್ಞೆ, ಪ್ರತೀಕಾರದ ಪ್ರತಿಜ್ಞೆ ಎಂದು ಬೇರೆ ಬೇರೆ ಇಟ್ಟು, ಆಡುವವನೇ ಆರಿಸಿಕೊಳ್ಳಲಿ ಎಂದರು. ಆರಿಸಿಕೊಂಡ ಮೇಲೆ “ಪಾತ್ರವೇ ಹಾಗೆ” ಎನ್ನಲು ಬಾಯಿ ಬರುವುದಿಲ್ಲ. ನಮ್ಮ ಗುಂಪಿನವರು ಈ ಪ್ರತಿಜ್ಞೆಗಳನ್ನು ಕನ್ನಡದಲ್ಲಿ ಬರೆಯಲು ಕುಳಿತಾಗ ಒಂದು ಸೊಗಸು ಕಂಡಿತು. ಇಂಗ್ಲಿಷಿನಲ್ಲಿ ‘ಓತ್’ ಎಂಬ ಒಂದೇ ಮಾತಿಗೆ ನಮ್ಮಲ್ಲಿ ಆಣೆ, ಭಾಷೆ, ವ್ರತ, ನೇಮ, ಶಪಥ, ಹರಕೆ ಎಂದು ಎಷ್ಟೊಂದು ಬಗೆ! ಆಣೆ ಇಡುವುದು ಇನ್ನೊಬ್ಬರ ತಲೆಯ ಮೇಲೆ; ಭಾಷೆ ಕೊಡುವುದು ಇನ್ನೊಬ್ಬರ ಕೈಗೆ; ನೇಮ ಹಿಡಿಯುವುದು ತಾನೇ. ಇಂಗ್ಲಿಷಿನಲ್ಲಿ ಆಡುವಾಗ ಈ ಭೇದ ನಮಗೆ ಹೊಳೆದೇ ಇರಲಿಲ್ಲ. ಆಟ ಕನ್ನಡಕ್ಕೆ ತಿರುಗಿದ್ದು ಆ ದಿನದಿಂದ.

ಇಷ್ಟೆಲ್ಲ ತೊಡಕಿದ್ದರೆ ಈ ಪಾತ್ರವನ್ನೇ ಮೇಜಿನಿಂದ ಹೊರಗಿಡೋಣ ಎಂಬುದು ನಮ್ಮಲ್ಲಿ ಹಲವರ ಪಕ್ಷ. ಬಸವೇಶ್ವರನಗರದ ಗೆಳೆಯರ ಗುಂಪೊಂದು ಹಾಗೆಯೇ ಮಾಡಿದೆಯೆಂದು ಕೇಳಿದ್ದೇನೆ. ಒಳ್ಳೆಯವನ ಪಾತ್ರ ಸಪ್ಪೆ, ಕೆಟ್ಟವನದೇ ರಂಗು ಎಂಬ ಮಾತೂ ಅದರ ಜತೆಗೆ ಬರುತ್ತದೆ. ಮಾಗಡಿ ರಸ್ತೆ, ಕೆಂಗೇರಿಯ ಆಚೆಯ ಹಳ್ಳಿಗಳಲ್ಲಿ ಇಂದಿಗೂ ರಾತ್ರಿಯಿಡೀ ನಡೆಯುವ ‘ಕುರುಕ್ಷೇತ್ರ’ ನಾಟಕಗಳನ್ನು ನೋಡಿದವರಿಗೆ ಇದು ಗೊತ್ತು. ಅಲ್ಲಿ ಪಾತ್ರ ಮಾಡುವವರೇ ಹಣ ಹಾಕಿ, ಹಾರ್ಮೋನಿಯಂ ಮೇಷ್ಟ್ರಿಂದ ತಿಂಗಳುಗಟ್ಟಲೆ ಪದ ಕಲಿತು, ಸೀನರಿ ಬಾಡಿಗೆ ತಂದು ಆಡುತ್ತಾರೆ. ನಾನು ಕಂಡಮಟ್ಟಿಗೆ ದುರ್ಯೋಧನನ ಗದೆಗೆ ಪೈಪೋಟಿ. ಧರ್ಮರಾಯನ ಕಿರೀಟಕ್ಕೆ ಕರೆದು ಕೂರಿಸಬೇಕು. ಆದರೆ ಒಮ್ಮೆ ಒಂದು ಹಳ್ಳಿಯಲ್ಲಿ ನಡುವಯಸ್ಸಿನ ರೈತರೊಬ್ಬರು ಧರ್ಮರಾಯನಾಗಿದ್ದುದನ್ನು ನೋಡಿದೆ. ಜೂಜಿನ ದೃಶ್ಯದಲ್ಲಿ ಅವರು ದಾಳ ಎಸೆಯುವಾಗ ಕೈ ನಡುಗುತ್ತಿತ್ತು. ಎಸೆದ ಮೇಲೆ ಆ ಕೈಯನ್ನು ಪಂಚೆಗೆ ಒರೆಸಿಕೊಂಡರು. ದುರ್ಯೋಧನನ ಆರ್ಭಟಕ್ಕೆ ಶಿಳ್ಳೆ ಹೊಡೆದ ಜನ ಆಗ ಸದ್ದಿಲ್ಲದೆ ಕುಳಿತಿದ್ದರು. ಒಳ್ಳೆಯವನಿಗೆ ಆಸೆಯಿದೆ, ಅಂಜಿಕೆಯಿದೆ, ತಪ್ಪುವ ಸಾಧ್ಯತೆಯಿದೆ ಎಂದು ತೋರಿಸುವವನ ಕೈಯಲ್ಲಿ ಆ ಪಾತ್ರ ಸಪ್ಪೆಯಾಗುವುದಿಲ್ಲ. ತಾನು ಎಂದೂ ತಪ್ಪನೆಂದು ಗೊತ್ತಿರುವವನ ಕೈಯಲ್ಲಿ ಸಪ್ಪೆಯಾಗುತ್ತದೆ. ಅಂಥವನಿಗೆ ಮಾಡಲು ಬೇರೆ ಕೆಲಸವಿಲ್ಲದೆ ಪಕ್ಕದವರನ್ನು ತಿದ್ದಲು ಹೊರಡುತ್ತಾನೆ.

ಇನ್ನೂ ಒಂದು ಕಾರಣಕ್ಕೆ ಈ ಪಾತ್ರ ಮೇಜಿನ ಮೇಲೆ ಇರಬೇಕೆನ್ನುತ್ತೇನೆ. ನಮ್ಮ ವಯಸ್ಸಿನವರು ಒಳ್ಳೆಯತನದ ವಿಷಯ ಬಾಯಿಬಿಟ್ಟು ಮಾತಾಡಲು ನಾಚುತ್ತೇವೆ. ಮಾತಾಡಿದರೆ ಭಾಷಣದ ಸ್ಪರ್ಧೆಗೆ. ದಾಳ ಉರುಳುವ ಮೇಜಿನ ಬಳಿ ಮಾತ್ರ, ಕಾಲ್ಪನಿಕ ಊರೊಂದರ ಉಪ್ಪಿನ ಉಗ್ರಾಣದ ನೆಪದಲ್ಲಿ, ಆರು ಮಂದಿ ಎರಡು ಗಂಟೆ ಕಾಲ ಕಾನೂನು ದೊಡ್ಡದೋ ಕರುಣೆ ದೊಡ್ಡದೋ ಎಂದು ಗಂಟಲು ಹರಿದುಕೊಂಡದ್ದನ್ನು ನಾನು ಕಂಡಿದ್ದೇನೆ. ಕಳ್ಳ ಮಾಂತ್ರಿಕರಷ್ಟೇ ಇದ್ದ ಆಟಗಳಲ್ಲಿ ನಾವು ವಾದ ಮಾಡಿದ್ದು ಲೂಟಿಯ ಹಂಚಿಕೆಯ ಮೇಲೆ.

ಈಗ ನಮ್ಮಲ್ಲಿ ಧರ್ಮವೀರನ ಪಾತ್ರ ನನ್ನ ಪಾಲಿಗೆ ಬಂದಿದೆ. ಆಟಕ್ಕೆ ಮುಂಚೆಯೇ ವ್ರತವನ್ನು ಬರೆದು ಎಲ್ಲರ ಮುಂದೆ ಓದುವುದು, ಯಾರದಾದರೂ ಪಾತ್ರಕ್ಕೆ ಅದರಿಂದ ಕೈಕಟ್ಟಾಗುವಂತಿದ್ದರೆ ಅಲ್ಲಿಯೇ ತಿದ್ದುವುದು ಎಂದು ಗೊತ್ತುಮಾಡಿಕೊಂಡಿದ್ದೇವೆ. ನನ್ನ ವೀರನ ನೇಮ ಇಷ್ಟು: ತಾನು ಸುಳ್ಳಾಡುವುದಿಲ್ಲ, ಕೂಡಿಹಾಕಿದವರನ್ನು ಕಂಡು ಮುಂದೆ ಹೋಗುವುದಿಲ್ಲ, ಊಟಕ್ಕೆ ಕೊನೆಯಲ್ಲಿ ಕೂರುತ್ತಾನೆ. ಸಂಗಡಿಗರು ಸುಳ್ಳಾಡುವಾಗ ಅವನು ಆಚೆ ಹೋಗಿ ಕುದುರೆಗೆ ಹುಲ್ಲು ಹಾಕುತ್ತಾನೆ. ಇದು ಆತ್ಮವಂಚನೆಯಲ್ಲವೇ ಎಂದು ಮಾಂತ್ರಿಕಳ ಪಾತ್ರದ ಅಕ್ಕ ಪ್ರತಿ ವಾರ ಕೇಳುತ್ತಾರೆ. ಪ್ರತಿ ವಾರ ಬೇರೆ ಉತ್ತರ ಹುಡುಕಬೇಕಾಗಿದೆ, ಕುದುರೆಯಂತೂ ದಪ್ಪವಾಗುತ್ತಿದೆ. ಹಳೆಯ ಧರ್ಮವೀರ ನಮ್ಮಲ್ಲಿಯೇ ಇದ್ದಾನೆ, ಕಾಡುಗಾವಲಿನವನಾಗಿ, ಚೆನ್ನಾಗಿ ಆಡುತ್ತಾನೆ. ಕೆಂಗೇರಿಯ ಗೆಳೆಯನನ್ನು ಕರೆಯಲು ಅವನೇ ಹೋಗಿದ್ದ. ಅವನು ನಮ್ಮ ಗುಂಪಿಗೆ ಹಿಂದಿರುಗಲಿಲ್ಲ. ತನ್ನ ಬಡಾವಣೆಯ ಹುಡುಗರನ್ನು ಕೂಡಿಸಿಕೊಂಡು ಅಲ್ಲಿಯೇ ಒಂದು ಆಟ ಆರಂಭಿಸಿದ್ದಾನಂತೆ, ಸೂತ್ರಧಾರ ತಾನೇ ಆಗಿ. ಮೊದಲ ದಿನ ಯಾರೂ ಧರ್ಮವೀರನಾಗಲು ಒಪ್ಪದಿದ್ದಾಗ ಅವನು ಆ ಪಾತ್ರವನ್ನು ಮೆಚ್ಚಿ ಮಾತಾಡಿ ಒಬ್ಬ ಹೈಸ್ಕೂಲು ಹುಡುಗನನ್ನು ಒಪ್ಪಿಸಿದನೆಂದು ಕೇಳಿ ನನಗೆ ಆಶ್ಚರ್ಯವಾಯಿತು. ಕಳೆದ ತಿಂಗಳು ಹಂಪಿನಗರದ ಗ್ರಂಥಾಲಯದ ಬಳಿ ಸಿಕ್ಕಿ, ಪ್ರತಿಜ್ಞೆಗಳನ್ನು ನಾವು ಕನ್ನಡದಲ್ಲಿ ಬರೆದುಕೊಂಡ ನೋಟ್‌ಪುಸ್ತಕವನ್ನು ಎರಡು ದಿನಕ್ಕೆಂದು ಕೇಳಿ ಒಯ್ದ. ಇನ್ನೂ ಹಿಂದಕ್ಕೆ ಕೊಟ್ಟಿಲ್ಲ.